ದೀಪದ ಹೊತ್ತಿನ ಕಸರತ್ತು

ಅರಸೀಕೆರೆಯಿಂದ ಜಾವಗಲ್ ಶಾಲೆಗೆ ಪಾಠ ಮಾಡಲು ಹೋಗುವ ನನಗೆ ಬಸ್ಸಿನ ಮೊದಲ ಮೆಟ್ಟಿಲೇ ಬೆಟ್ಟವಾಗಿತ್ತು. ಕಾಲು ಇಡುತ್ತಿದ್ದೆ, ಮೈ ಏಳುತ್ತಿರಲಿಲ್ಲ. ಕಂಡಕ್ಟರು ಮೇಲಿನಿಂದ ಕೈ ಹಿಡಿದು ಎಳೆದುಕೊಳ್ಳುತ್ತಿದ್ದರು. ಕೊಬ್ಬರಿ ಮೂಟೆಗಾದರೂ ಇಬ್ಬರು ಬೇಕು, ನನಗೆ ಅವರೊಬ್ಬರೇ ಸಾಕು ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಆದರೆ ಅದೇ ಬಸ್ಸಿನಲ್ಲಿ ನನ್ನ ವಿದ್ಯಾರ್ಥಿಗಳೂ ಇರುತ್ತಿದ್ದರು. ಒಂದು ಸಲವಾದರೂ ಅವರ ಕಣ್ಣೆದುರು ನಾನೇ ಹತ್ತಬೇಕೆಂಬ ಹಟ ಹುಟ್ಟಿತು.

ಫಿಸಿಯೋಥೆರಪಿ ಓದಿದ ಹುಡುಗಿಯೊಬ್ಬಳು ನನ್ನನ್ನು ಕೂರಿಸಿ, ಏಳಿಸಿ ನೋಡಿದಳು. ಮಂಡಿಯದೇನೂ ತಪ್ಪಿಲ್ಲವಂತೆ, ತೊಡೆಯ ಹಿಂಭಾಗದ ಮತ್ತು ಪಿರ್ರೆಯ ಸ್ನಾಯುಗಳು ಕೆಲಸ ಮರೆತಿವೆಯಂತೆ. ದಿನವಿಡೀ ನಿಂತೇ ಇರುವವಳಿಗೆ ಹೀಗಾದೀತೆ ಎಂದೆ. ನಿಲ್ಲುವುದು ಬೇರೆ, ಎತ್ತುವುದು ಬೇರೆ ಎಂದಳು. ಮೂರು ವ್ಯಾಯಾಮ ತೋರಿಸಿ, ಮನೆಗೆ ಹೊಂದುವುದನ್ನು ಆರಿಸಿಕೊಳ್ಳಿ ಆಂಟಿ ಎಂದಳು. ನಮ್ಮ ಮನೆ ಎಂಥದೆಂದು ಪಾಪ, ಅವಳಿಗೇನು ಗೊತ್ತು.

ನನಗೆ ಬಿಡುವಿದ್ದುದು ಸಂಜೆ, ದೀಪ ಹಚ್ಚುವ ಹೊತ್ತಿಗೆ. ಆಗ ಲಕ್ಷ್ಮಿ ಬರುತ್ತಾಳೆಂದು ಮುಂಬಾಗಿಲು ತೆರೆದೇ ಇರಬೇಕು. ನಡುಮನೆಯಲ್ಲಿ ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಮೇಲೆತ್ತಿದೆ. ಬತ್ತಿ ಹೊಸೆಯುತ್ತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು.

"ಏಳವ್ವ. ಬಂದ ಲಕ್ಷ್ಮಿ ಏನ್ ನೋಡ್ಕಂಡು ಒಳಕ್ಕೆ ಬರ್ಬೇಕು?"

ಎರಡನೆಯದು, ಎತ್ತರದ ಮೇಲೆ ಒಂದು ಕಾಲಿಟ್ಟು ಅದರ ಬಲದಲ್ಲೇ ಹತ್ತಿ ಇಳಿಯುವುದು. ಹೊಸಿಲನ್ನಂತೂ ತುಳಿಯುವಂತಿಲ್ಲ. ಜಗಲಿಯ ಮೆಟ್ಟಿಲಿಗೆ ಹೋದೆ. ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಎದುರುಮನೆಯಾಕೆ ಬಂದು, ಮನೆಯಲ್ಲಿ ಏನಾದರೂ ಮಾತಾಯಿತೆ ಎಂದು ಮೆಲ್ಲಗೆ ವಿಚಾರಿಸಿದರು. ಅತ್ತೆಯ ಮರ್ಯಾದೆ ಬೀದಿಗೆ ಬಂದಿತ್ತು. ಒಳಗೋ ಹೊರಗೋ, ಒಂದು ಕಡೆ ಇರು ಎಂದುಬಿಟ್ಟರು.

ಉಳಿದದ್ದು ಬಗ್ಗಿ ಭಾರ ಎತ್ತುವುದು. ಬೆನ್ನು ನೆಟ್ಟಗಿರಬೇಕು, ಸೊಂಟ ಹಿಂದಕ್ಕೆ ಹೋಗಬೇಕು, ಹಿಮ್ಮಡಿ ಊರಿ ಏಳಬೇಕು. ಹಿತ್ತಲಲ್ಲಿ ಅರ್ಧ ಕೊಡ ನೀರು ಇಟ್ಟುಕೊಂಡು ಶುರುಮಾಡಿದೆ. ಇದಕ್ಕೆ ಯಾವ ಶಾಸ್ತ್ರವೂ ಅಡ್ಡ ಬರಲಿಲ್ಲ. ಸೊಸೆ ಕೊಡ ಎತ್ತಿದರೆ ಯಾವ ದೇವರು ತಾನೇ ಮುನಿಸಿಕೊಳ್ಳುತ್ತಾನೆ? ಎತ್ತಿದ ಕೊಡವನ್ನು ಅಲ್ಲೇ ಇಳಿಸುವುದೊಂದೇ ಅತ್ತೆಯ ಕಣ್ಣಿಗೆ ಚುಚ್ಚಿದ್ದು.

"ಎತ್ತಿದ್ದು ಎತ್ತಿದ್ದೀಯ, ಆ ಕರಿಬೇವಿಗಾದ್ರೂ ಹುಯ್ಯವ್ವ."

ಕರಿಬೇವಾದ ಮೇಲೆ ಬದನೆ, ಬದನೆಯಾದ ಮೇಲೆ ದಾಸವಾಳ. ಭಾರವನ್ನು ನಿಧಾನವಾಗಿ ಏರಿಸಿ ಎಂದು ಹುಡುಗಿ ಹೇಳಿದ್ದಳು. ಅತ್ತೆ ಅದನ್ನು ಗಿಡಗಳ ಬಾಯಾರಿಕೆ ನೋಡಿ ಏರಿಸಿದರು. ಅರ್ಧ ಕೊಡ ತುಂಬು ಕೊಡವಾಯಿತು.

ಸಂಕ್ರಾಂತಿಗೆ ಎಳ್ಳು ಹುರಿಯುವ ಹೊತ್ತಿಗೆ, ಒಂದು ಬೆಳಿಗ್ಗೆ, ಕಂಡಕ್ಟರು ಚಾಚಿದ ಕೈ ಹಿಡಿಯದೆ ಹಿಮ್ಮಡಿ ಒತ್ತಿ ಎದ್ದೆ. ನೋಡಿದರೆ ಬಸ್ಸಿನೊಳಗಿದ್ದೆ. ಅವರು ತಮ್ಮ ಬರಿಗೈಯನ್ನೊಮ್ಮೆ ನೋಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಮೇಡಮ್ಮೋರು ಗಟ್ಟಿ ಆಗವ್ರೆ ಕಣ್ರಪ್ಪಾ."

ದಿನವೂ ನನಗೆ ಸೀಟು ಬಿಡುತ್ತಿದ್ದ ವಿದ್ಯಾರ್ಥಿನಿಯರು ಅರ್ಧ ಎದ್ದಿದ್ದವರು, ಅದನ್ನು ಕೇಳಿ ನಿರಾಳವಾಗಿ ಕೂತರು. ಗಟ್ಟಿಯಾದವಳು ಸೀಟು ಕೇಳುವುದು ಹೇಗೆ? ಕಂಬಿ ಹಿಡಿದು ಜಾವಗಲ್‌ವರೆಗೂ ಬಿಗುಮಾನದಿಂದ ನಿಂತೇ ಹೋದೆ.