ಮರುಕೂಗು

ನನ್ನ ವಾರಗಿತ್ತಿಯನ್ನು ಎಲ್ಲರೂ ಕರೆಯುವುದು ಮೈಕು ಎಂದೇ. ಮದುವೆಯಾಗಿ ನಮ್ಮ ಮನೆಗೆ ಬಂದ ವಾರದಲ್ಲೇ ಬಿದ್ದ ಹೆಸರು ಅದು. ಅವಳು ಹಿತ್ತಿಲಲ್ಲಿ ನಿಂತು "ಉಪ್ಪೆಲ್ಲಿದೆ" ಎಂದು ಕೇಳಿದರೆ ದೋಣಿಕಟ್ಟೆಯಲ್ಲಿ ಕೂತವರು ಉತ್ತರ ಹೇಳುತ್ತಿದ್ದರು. ಅವಳ ಗಂಡ, ಅಂದರೆ ನನ್ನ ಮೈದುನ, ತುಟಿ ಪಿಟಕ್ಕೆನ್ನದ ಪ್ರಾಣಿ. "ಇಬ್ಬರಿಗೂ ಸೇರಿ ಕೊಟ್ಟ ಗಂಟಲನ್ನ ನೀನೊಬ್ಬಳೇ ಹೊಡ್ಕೊಂಡುಬಿಟ್ಟೆ" ಎಂದು ನಾನು ರೇಗಿಸುತ್ತಿದ್ದೆ. "ಮನೇಲಿ ಯಾರಾದ್ರೂ ಒಬ್ರು ಮಾತಾಡ್ಬೇಕಲ್ಲಕ್ಕ, ಇಲ್ದಿದ್ರೆ ಗೋಡೆಗೆ ಬೇಜಾರಾಗುತ್ತೆ" ಎನ್ನುತ್ತಿದ್ದಳು.

ಅವಳ ಕಸುಬು ಏಡಿ ಹಿಡಿಯುವುದು. ನಮ್ಮ ಮನೆಗಳ ಹಿಂದೆಯೇ ಕಾಂಡ್ಲಾ ಕಾಡು. ಉಪ್ಪುನೀರಿನಲ್ಲಿ ಬೇರು ಬಿಟ್ಟು ನಿಂತ ಮರಗಳು, ಅವುಗಳ ನಡುವೆ ಸುತ್ತಿ ಬಳಸಿ ಹೋಗುವ ಕಿರಿದಾದ ಕಾಲುವೆಗಳು. ನೀರು ಇಳಿಯುವಾಗ ಪುಟ್ಟ ದೋಣಿಯಲ್ಲಿ ಹೋಗಿ, ಮೊಣಕಾಲುದ್ದ ಕೆಸರಲ್ಲಿ ಹೂತು ನಿಂತು, ಬೇರಿನ ಸಂದಿಯ ಬಿಲಕ್ಕೆ ಬಲಗೈಯನ್ನು ತೋಳಿನವರೆಗೂ ತೂರಿಸಬೇಕು. ಏಡಿಯ ಬೆನ್ನು ಯಾವುದು, ಕಚ್ಚುವ ಕೊಂಬು ಯಾವುದು ಎಂದು ಬೆರಳಿಗೇ ತಿಳಿಯಬೇಕು. ನಾನು ಒಂದು ಸಲ ಕೈ ಹಾಕಿ, ಕಚ್ಚಿಸಿಕೊಂಡು, ಮತ್ತೆ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಅವಳು ನಕ್ಕು ನಕ್ಕು ದೋಣಿಯಿಂದ ಬೀಳುವುದರಲ್ಲಿದ್ದಳು.

ಆ ಕಾಲುವೆಗಳಲ್ಲಿ ತಿರುವು ಬಂದರೆ ಕೂಗಬೇಕು. ಆಚೆ ಯಾರಿದ್ದಾರೆಂದು ಕಾಣುವುದಿಲ್ಲ, ಎದುರುಬದುರಾದರೆ ಸರಿಯಲು ಜಾಗವಿಲ್ಲ. "ಓ... ಹೋಯ್" ಎಂದು ಉದ್ದಕ್ಕೆ ಕೂಗಿ, ಹುಟ್ಟು ಹಾಕುವುದನ್ನು ನಿಲ್ಲಿಸಿ ಕಿವಿಗೊಡಬೇಕು. ಆಚೆ ಯಾರಾದರೂ ಇದ್ದರೆ ಮರುಕೂಗು ಕೊಡುತ್ತಾರೆ. ಆಗ ಮೊದಲು ಕೂಗಿದವರು ಬೇರು ಹಿಡಿದು ನಿಲ್ಲುತ್ತಾರೆ, ಮರುಕೂಗಿದವರು ದಾಟಿ ಬರುತ್ತಾರೆ. ಮರುಕೂಗು ಬರದಿದ್ದರೆ ದಾರಿ ಖಾಲಿ ಎಂದರ್ಥ. ಧೈರ್ಯವಾಗಿ ಹೋಗಬಹುದು. ಬೇಲಿಯ ಜಗಳದಲ್ಲಿ ಮುಖ ಮುಖ ನೋಡದವರೂ ತಿರುವಿನಲ್ಲಿ ಮಾತ್ರ ಮರುಕೂಗು ಕೊಟ್ಟೇ ಕೊಡುತ್ತಾರೆ. ಮನೆಯಲ್ಲಿ ಕಿವಿ ತೂತು ಮಾಡುವ ಮೈಕಿನ ದನಿ, ಅಲ್ಲಿ ನೀರಿನ ಮೇಲೆ ಹಾದು ಬರುವಾಗ ಇಂಪಾಗಿಯೇ ಇರುತ್ತಿತ್ತು.

ಕಾಡು ಅಭಯಾರಣ್ಯವಾಯಿತು. ಪ್ರವಾಸಿಗರು ಬರತೊಡಗಿದರು. ಮೈದುನನಿಗೆ ಅವರನ್ನು ಕರೆದೊಯ್ಯುವ ದೊಡ್ಡ ದೋಣಿಯ ಲೈಸೆನ್ಸ್ ಸಿಕ್ಕಿತು, ನನಗೆ ದೋಣಿಕಟ್ಟೆಯ ಕೋಣೆ ಗುಡಿಸಿ ಲೈಫ್ ಜಾಕೆಟ್ ತೊಳೆಯುವ ಕೆಲಸ. ಬರುವವರಲ್ಲಿ ಗಲಾಟೆ ಮಾಡುವ ಜಾತಿ ಬೇರೆ, ಅವರ ವಿಷಯ ಬಿಡಿ. ಇನ್ನೊಂದು ಜಾತಿ ಜವಾಬ್ದಾರಿಯುತ ಪ್ರವಾಸಿಗರು. ಮಣ್ಣಿನ ಬಣ್ಣದ ಬಟ್ಟೆ ಹಾಕಿ ಬರುತ್ತಾರೆ. ಸೆಂಟು ಹಚ್ಚುವುದಿಲ್ಲ, ಒಂದು ಎಲೆ ಕೀಳುವುದಿಲ್ಲ. ಬೇರೆಯವರು ಎಸೆದ ಬಾಟಲಿಯನ್ನೂ ಹೆಕ್ಕಿ ತಮ್ಮ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ನನ್ನನ್ನೂ "ನೀವು" ಎನ್ನುತ್ತಾರೆ. ಕೆಟ್ಟವರಾಗಿದ್ದಿದ್ದರೆ ಬಾಯಿತುಂಬ ಬೈದಾದರೂ ಹಗುರಾಗಬಹುದಿತ್ತು. ಒಳ್ಳೆಯವರನ್ನು ಏನೆಂದು ಬೈಯುವುದು?

ದೋಣಿಯವರು ಕೂಗುವುದರಿಂದ ಹಕ್ಕಿಗಳು ಗೂಡು ಬಿಟ್ಟು ಏಳುತ್ತವೆ ಎಂದು ದೂರು ಕೊಟ್ಟವರು ಇವರೇ. ಸುಳ್ಳಲ್ಲ, ಏಳುತ್ತವೆ. ಅರಣ್ಯ ಇಲಾಖೆಯ ಸಾಹೇಬರು ಸಭೆ ಕರೆದು, ಇನ್ನು ಮೇಲೆ ಪ್ರವಾಸಿ ದೋಣಿಯಲ್ಲಿ ಯಾರೂ ಕೂಗುವಂತಿಲ್ಲ ಎಂದರು. ತಿರುವಿಗೇನು ಮಾಡುವುದೆಂದು ಕೇಳಿದ್ದಕ್ಕೆ ತಲೆಗೊಂದು ಕೆಂಪು ಬಾವುಟ ಹಂಚಿದರು. ತಿರುವಿನ ಈಚೆ ಬೀಸಿದ ಬಾವುಟ ಆಚೆಯವರಿಗೆ ಹೇಗೆ ಕಾಣುತ್ತದೆ ಎಂದು ನಾನು ಹಿಂದಿನಿಂದ ಕೇಳಿದೆ. "ಕಸ ಗುಡಿಸೋರು ಮಧ್ಯೆ ಮಾತಾಡ್ಬೇಡಿ" ಎಂದರು. ಅಭ್ಯಾಸಬಲದಿಂದ ಕೂಗಿದ ಒಬ್ಬ ದೋಣಿಯವನ ಲೈಸೆನ್ಸ್ ಕಿತ್ತುಕೊಂಡರು. ಮೈದುನನೂ ಒಮ್ಮೆ ಕೂಗಿ ಸಿಕ್ಕಿಬಿದ್ದ. ಇನ್ನೊಂದು ಸಲವಾದರೆ ಮನೆಗೆ ಹೋಗು ಎಂದಿದ್ದರು. ಆ ದಿನ ಮೈಕು ಗಂಡನನ್ನು ಗೇಲಿ ಮಾಡಿದ್ದೇ ಮಾಡಿದ್ದು. "ಹೆಂಡ್ತಿ ಹತ್ರ ಬಾಯಿ ಬಿಡಲ್ಲ, ಕಾಡಲ್ಲಿ ಹೋಗಿ ಕೂಗ್ತೀಯಾ? ಬಾಯಿಗೆ ಬೀಗ ಹಾಕ್ಕೊಂಡು ನೆಟ್ಟಗೆ ಕೆಲಸ ಮಾಡು."

ಏಡಿಯವರಿಗೆ ಈ ನಿಯಮವಿರಲಿಲ್ಲ. ಅವರು ಬೆಳಕು ಹರಿಯುವಾಗಲೇ ಹೋಗಿ ಪ್ರವಾಸಿಗರು ಬರುವ ಮೊದಲು ಹಿಂತಿರುಗುತ್ತಿದ್ದರು. ಹಾಗಾಗಿ ಅವರೂ ಪ್ರವಾಸಿ ದೋಣಿಯವರೂ ತಿರುವಿನಲ್ಲಿ ಎದುರಾಗುತ್ತಲೇ ಇರಲಿಲ್ಲ.

ಆ ದಿನ ಬಂದ ಪ್ರವಾಸಿಗರು ಬಹಳ ಒಳ್ಳೆಯವರು. ಹೆಚ್ಚು ದೋಣಿಗಳು ಒಟ್ಟಿಗೆ ಹೋದರೆ ಪ್ರಾಣಿಗಳಿಗೆ ತೊಂದರೆ, ನಾವು ಎಲ್ಲರಿಗಿಂತ ಮುಂಚೆ ಹೋಗಿಬಿಡುತ್ತೇವೆ ಎಂದರು. ಸಾಹೇಬರು ಒಪ್ಪಿದರು. ಮೈದುನ ಅವರನ್ನು ಕೂರಿಸಿಕೊಂಡು ಹೊರಟ. ನೀರು ಇನ್ನೂ ಇಳಿಯುತ್ತಿತ್ತು. ಅದರ ಜೊತೆಗೇ ಮೈಕು ಏಡಿಬುಟ್ಟಿ ಇಟ್ಟುಕೊಂಡು ಎದುರಿನಿಂದ ವಾಪಸು ಬರುತ್ತಿದ್ದಳು.

ದೋಣಿಕಟ್ಟೆಗೆ ಅವಳನ್ನು ತಂದು ಮಲಗಿಸಿದರು. ಅವಳ ಪುಟ್ಟ ದೋಣಿ ಸೆಳವಿನಲ್ಲಿ ತಿರುಗಿ ಬಂದು ದೊಡ್ಡ ದೋಣಿಗೆ ಬಡಿದಿತ್ತು. ಅಂಚು ಹಿಡಿದಿದ್ದ ಬಲಗೈ ಆ ದೋಣಿಗೂ ಮರದ ಬೊಡ್ಡೆಗೂ ನಡುವೆ ಸಿಕ್ಕಿ ಜಜ್ಜಿಹೋಗಿತ್ತು. ಮೈದುನನೇ ನೀರಿಗೆ ಹಾರಿ ಎತ್ತಿಕೊಂಡು ಬಂದಿದ್ದ. ಇಬ್ಬರನ್ನೂ ಗಾಡಿ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆವು.

ಪ್ರವಾಸಿಗರಲ್ಲಿ ಒಬ್ಬ ಹೆಂಗಸು ನಡುಗುತ್ತಾ ಕೋಣೆಯ ಬೆಂಚಿನಲ್ಲಿ ಕೂತಿದ್ದಳು. ನೀರು ಕೊಟ್ಟೆ.

"ಅವರ ತಪ್ಪಿಲ್ಲಮ್ಮ, ದೋಣಿಯವರು ತುಂಬಾ ಒಳ್ಳೆಯವರು" ಎಂದಳು. "ಡಿಕ್ಕಿ ಆಗೋಕೆ ಸ್ವಲ್ಪ ಮುಂಚೆ ಒಂದು ಹಕ್ಕಿ ಕೂಗ್ತು. ಎಷ್ಟು ಚೆನ್ನಾಗಿತ್ತು ಅಂತೀರಿ! ಅದ್ಯಾವ ಹಕ್ಕಿ ಅಂತ ಕೇಳ್ದೆ. ಅವರು ಬಾಯಿ ಮೇಲೆ ಬೆರಳಿಟ್ಟು ಸುಮ್ನಿರಿ ಅಂತ ಸನ್ನೆ ಮಾಡಿದ್ರು. ಅಷ್ಟು ಶಿಸ್ತು. ಆಮೇಲೆ ಯಾಕೋ ಗಾಬರಿಯಾಗಿ ಹುಟ್ಟು ಊರಿ ದೋಣಿ ನಿಲ್ಲಿಸೋಕೆ ನೋಡಿದ್ರು."

"ಹೇಗೆ ಕೂಗ್ತು?" ಎಂದೆ.

ಪಾಪ, ಅವಳು ಕೂಗಿ ತೋರಿಸಿದಳು. ಓ... ಹೋಯ್.

"ಅದು ಹಕ್ಕಿಯಲ್ಲ ತಾಯಿ" ಎಂದೆ. "ಈಗ ಗಾಡಿ ಹತ್ತಿಸಿ ಕಳಿಸಿದ್ವಲ್ಲ, ಅವಳು. ಅವನ ಹೆಂಡ್ತಿ."

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು. ನಿಜವಾಗಿಯೂ ಅತ್ತಳು. ನನಗೆ ಸಮಾಧಾನ ಮಾಡಲು ಮನಸ್ಸು ಬರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಅವರೆಲ್ಲ ಹೊರಟುಹೋದರು.

ಹೆಂಡತಿಯ ದನಿ ಅವನಿಗೆ ತಿಳಿಯದೇ ಇರುತ್ತದೆಯೇ? ಕಾಲುವೆಯ ಏಡಿಗೂ ತಿಳಿಯುತ್ತದೆ. ಅವಳು ಕೂಗಿದ್ದಾಳೆ, ಹುಟ್ಟು ನಿಲ್ಲಿಸಿ ಕಿವಿಗೊಟ್ಟಿದ್ದಾಳೆ. ಮರುಕೂಗು ಬರಲಿಲ್ಲ. ದಾರಿ ಖಾಲಿ ಎಂದುಕೊಂಡು ನೀರಿನ ಜೊತೆ ಬಂದಿದ್ದಾಳೆ. ಇವನು ಲೈಸೆನ್ಸಿನ ಭಯಕ್ಕೆ ಗಂಟಲು ಬಿಗಿಹಿಡಿದು ಕೂತಿದ್ದಾನೆ. ಒಂದು ಕೂಗು, ಅಷ್ಟೇ.

ಬಲಗೈಯ ಬೆರಳುಗಳನ್ನು ತೆಗೆದುಬಿಟ್ಟರು. ಹೆಬ್ಬೆರಳೊಂದು ಉಳಿಯಿತು.

ಗಾಯ ಮಾಗಿದ ಮೇಲೆ ಅರಣ್ಯ ಕಚೇರಿಯಲ್ಲಿ ವಿಚಾರಣೆ ಇಟ್ಟರು. ಸಾಹೇಬರ ಮೇಜಿನ ಮುಂದೆ ಮೈದುನ ನಿಂತಿದ್ದ, ಕುರ್ಚಿಯಲ್ಲಿ ಮೈಕು, ಪಕ್ಕದಲ್ಲಿ ನಾನು. ಗೋಡೆಯುದ್ದಕ್ಕೂ ದೋಣಿಯವರು, ಏಡಿಯವರು. ಅವನು ಅಂದು ಮರುಕೂಗಿದ್ದರೆ ನಿಯಮ ಮುರಿದನೆಂದು ಲೈಸೆನ್ಸ್ ಹೋಗುತ್ತಿತ್ತು. ಈಗ ಅವಳ ಕೂಗು ಕೇಳಿಸಿತೆಂದು ಒಪ್ಪಿಕೊಂಡರೆ, ಕೇಳಿಯೂ ಎಚ್ಚರ ತಪ್ಪಿದನೆಂದು ಹೋಗುತ್ತದೆ.

"ಎದುರಿಂದ ಕೂಗು ಕೇಳಿಸ್ತಾ?" ಎಂದರು ಸಾಹೇಬರು.

ಮೈದುನ ನೆಲ ನೋಡಿದ. "ಇಲ್ಲ."

ನಾನು ಹೇಳಿಯೇಬಿಡೋಣವೆಂದು ಏಳುವಷ್ಟರಲ್ಲಿ ಮೈಕು ಎಡಗೈಯಿಂದ ನನ್ನ ಸೆರಗು ಹಿಡಿದು ಎಳೆದು ಕೂರಿಸಿದಳು.

"ನೀನು ಕೂಗಿದ್ಯೇನಮ್ಮಾ?"

"ಇಲ್ಲ ಸಾರ್. ಕೂಗಲಿಲ್ಲ. ಮರೆತೆ" ಎಂದಳು.

ಗೋಡೆಯ ಹತ್ತಿರ ನಿಂತವರಲ್ಲಿ ಯಾರೋ "ಅಯ್ಯೋ" ಎಂದರು. ಮೈಕು ತಿರುವಿನಲ್ಲಿ ಕೂಗಲು ಮರೆತಳೆಂದರೆ ನಂಬುವವರು ಆ ಕೋಣೆಯಲ್ಲಿ ಸಾಹೇಬರೊಬ್ಬರೇ. ಅವರು ನಂಬಿದರು. ಅಜಾಗರೂಕತೆಗಾಗಿ ಅವಳನ್ನು ಇನ್ನು ಕಾಡಿಗೆ ಬಿಡುವುದಿಲ್ಲವೆಂದರು, ನಿಯಮ ಪಾಲಿಸಿದ್ದಕ್ಕೆ ಮೈದುನನ ಬೆನ್ನು ತಟ್ಟಿದರು. ಲೈಸೆನ್ಸ್ ಉಳಿಯಿತು.

ಹೊರಗಿನ ಮೆಟ್ಟಿಲಲ್ಲಿ ನಾನು ಅವಳನ್ನು ಹಿಡಿದು ನಿಲ್ಲಿಸಿದೆ. "ಬುದ್ಧಿಗಿದ್ದಿ ಇದೆಯೇನೇ ನಿನಗೆ? ಅವನು ಮಾಡಿದ್ದನ್ನ ನೀನ್ಯಾಕೆ ತಲೆ ಮೇಲೆ ಹಾಕ್ಕೊಂಡೆ? ಅಷ್ಟು ಸುಲಭಕ್ಕೆ ಕ್ಷಮಿಸಿಬಿಟ್ಯಾ?"

ಮೈದುನ ನಮ್ಮ ಹಿಂದೆಯೇ ಇದ್ದ. ಅವಳಿಗೆ ಅದು ಗೊತ್ತಿತ್ತು.

"ಮನೇಲಿ ದುಡಿಯೋ ಕೈ ಈಗ ಇವನದೊಂದೇ ಅಕ್ಕ. ಅದೂ ಹೋದ್ರೆ ತಿನ್ನೋದೇನು? ಅದಕ್ಕೆ ಹಂಗಂದೆ" ಎಂದಳು. "ಕ್ಷಮಿಸಿದೀನಿ ಅಂತ ಯಾರಂದ್ರು?"

ಅವನು ತಲೆ ತಗ್ಗಿಸಿ ನಮ್ಮನ್ನು ದಾಟಿ ದೋಣಿಕಟ್ಟೆಯ ಕಡೆ ನಡೆದ. ಪ್ರವಾಸಿಗರು ಕಾಯುತ್ತಿದ್ದರು.