ನಾರ್ಮಲ್ ಎಂದರೆ ಮೂಲೆಮಟ್ಟ

ಅಪ್ಪ ಬಡಗಿ. ಎಪ್ಪತ್ತು ದಾಟಿದ ಮೇಲೂ ಮೂಡುಬಿದಿರೆಯ ಸುತ್ತಮುತ್ತ ಬಾಗಿಲಿಗೆ ದಾರಂದದ ಚೌಕಟ್ಟು ಇಡಬೇಕಾದರೆ ಜನ ಅವರನ್ನೇ ಕರೆಯುತ್ತಿದ್ದರು. ಹೋದ ವರ್ಷ ಅವರ ಬಲಗೈ ನಡುಗಲು ಶುರುವಾಯಿತು. ಉಳಿ ಹಿಡಿದರೂ ನಡುಕ, ಚಹಾದ ಲೋಟ ಹಿಡಿದರೂ ನಡುಕ. ತಲೆಯೊಳಗೆ ಏನಾದರೂ ಬೆಳೆದಿರಬಹುದು, ಸ್ಕ್ಯಾನ್ ಮಾಡಿಸಿ ಎಂದರು ಡಾಕ್ಟರು.

ಬಂಟ್ವಾಳದಲ್ಲಿ ಸ್ಕ್ಯಾನ್ ಮುಗಿಸಿದೆವು. ರಿಪೋರ್ಟು ಸಿಗುವುದು ಮೂರು ಗಂಟೆಗೆ. ಅಲ್ಲಿಯವರೆಗೆ ಕೂರಲೆಂದು ಹೋಟೆಲಿಗೆ ಹೋದರೆ ಸಪ್ಲೈಯರ್ ಕೇಳಿದ, "ನೀರು ನಾರ್ಮಲ್ಲೋ, ಕೋಲ್ಡೋ?"

ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿರುವವಳು ನಾನು. ಆ ಪದದ ಮೇಲೆ ಅವತ್ತು ನನಗೆ ಸಿಟ್ಟೇ ಬಂತು. ಅಕ್ಕನ ಹೆರಿಗೆ ನಾರ್ಮಲ್, ಪಕ್ಕದ ಮನೆಯವರ ಬಿಪಿ ನಾರ್ಮಲ್, ಕೊನೆಗೆ ನೀರೂ ನಾರ್ಮಲ್. ನಮ್ಮ ಪಾಲಿಗೂ ಒಂದು ಇರಬಾರದೇ?

"ನಾರ್ಮಲ್ಲೇ ತನ್ನಿ ಮಾರಾಯ್ರೇ!" ಎಂದೆ. ನನ್ನ ದನಿಗೆ ಪಾಪ, ಅವನು ಹೆದರಿಬಿಟ್ಟ.

ಮೂರು ಗಂಟೆಗೆ ಡಾಕ್ಟರು ರಿಪೋರ್ಟು ನೋಡಿದರು. "ತಲೆ ನಾರ್ಮಲ್ ಉಂಟು. ಉಬ್ಬಸಕ್ಕೆಂದು ಇವರು ತಿನ್ನುವ ದಮ್ಮಿನ ಮಾತ್ರೆಯಿಂದ ಕೈ ನಡುಗುವುದು. ಬೇರೆ ಬರೆದು ಕೊಡ್ತೇನೆ."

ಹೊರಗಿನ ಬೆಂಚಿನಲ್ಲಿ ಕೂತು ಗೊಳೋ ಎಂದು ಅತ್ತೆ.

"ನಾರ್ಮಲ್ ಅಂದ್ರೆ ಒಳ್ಳೇದಲ್ವಾ? ಮತ್ತೆ ಅಳುವುದೆಂತಕ್ಕೆ?" ಎಂದರು ಅಪ್ಪ.

ಮೂಗೊರೆಸಿಕೊಳ್ಳುತ್ತಲೇ ಪಾಠ ಶುರುಮಾಡಿದೆ. ಟೀಚರ ಚಟ ಎಲ್ಲಿ ಹೋಗುತ್ತದೆ! ಲ್ಯಾಟಿನಿನಲ್ಲಿ ನಾರ್ಮಾ ಎಂದರೆ ಮೂಲೆ ಸರಿಯಾಗಿ ತೊಂಬತ್ತು ಡಿಗ್ರಿ ಇದೆಯೇ ಎಂದು ಬಡಗಿ ನೋಡುವ ಎಲ್ ಆಕಾರದ ಮೂಲೆಮಟ್ಟ. ಅದಕ್ಕೆ ಸರಿಹೊಂದಿದ್ದೇ ನಾರ್ಮಲ್. ಊರವರೆಲ್ಲರ ಬಾಯಿಗೆ ಬರುವ ಮೊದಲು ಅದು ನಿಮ್ಮ ಕಸುಬಿನ ಮಾತಾಗಿತ್ತು ಎಂದೆ.

ಅಪ್ಪ ಕೇಳಿದರು, "ಮೂಲೆಮಟ್ಟವೇ ಓರೆ ಇದ್ರೆ?"

ಅಯ್ಯೋ ದೇವರೇ! ಹೊಸ ಮೂಲೆಮಟ್ಟವನ್ನೂ ಅಪ್ಪ ಹಾಗೆಯೇ ನಂಬುವವರಲ್ಲ. ಹಲಗೆಯ ಅಂಚಿಗೆ ಒತ್ತಿಟ್ಟು ಒಂದು ಗೆರೆ ಎಳೆದು, ಮಗುಚಿ ಹಾಕಿ ಅಲ್ಲೇ ಇನ್ನೊಂದು ಎಳೆಯುತ್ತಾರೆ. ಎರಡೂ ಒಂದರ ಮೇಲೊಂದು ಕೂತರೆ ಮಾತ್ರ ಅದು ಪೆಟ್ಟಿಗೆಗೆ ಸೇರುತ್ತದೆ. ಇನ್ನು ಡಾಕ್ಟರ ಮಾತನ್ನು ಪರೀಕ್ಷಿಸದೆ ಬಿಟ್ಟಾರೆಯೇ?

ಹೊಸ ಮಾತ್ರೆ ಶುರುವಾಗಿ ಹತ್ತು ದಿನಕ್ಕೆ, ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಅಪ್ಪ ಕರೆದರು. ಹಲಗೆಯ ಮೇಲೆ ಮೂಲೆಮಟ್ಟವಿಟ್ಟು ಗೆರೆ ಎಳೆದರು. ಆಮೇಲೆ ಅದನ್ನು ಬದಿಗಿಟ್ಟು, ಬರಿಗೈಯಲ್ಲಿ ಪೆನ್ಸಿಲನ್ನು ಅದೇ ಗೆರೆಯ ಮೇಲೆ ಮೆಲ್ಲಗೆ ಓಡಿಸಿದರು. ನಾನು ಬಗ್ಗಿ ನೋಡಿದೆ. ಕಂಡದ್ದು ಒಂದೇ ಗೆರೆ.

"ಈಗ ನಾರ್ಮಲ್," ಎಂದರು ಅಪ್ಪ. "ಬೇಕಾದ್ರೆ ಈಗ ಅಳು."