ಪಚ್ಚ ವೈರು

ಮುಳಬಾಗಿಲಿನ ನಮ್ಮ ಮನೆಯ ಮುಂದೆ, ಹೊಂಗೆ ಮರದ ನೆರಳಿನಲ್ಲಿ ಅವತ್ತು ಇದ್ದವರು ಮೂರೇ ಜನ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾವ, ಜಗಲಿಯ ಮೇಲೆ ಕಾಲು ಚಾಚಿಕೊಂಡು ಅತ್ತೆ, ಕಾರಿನ ಹಿಂದಿನ ಸೀಟಿನಲ್ಲಿ ಮಂಡಿಯೂರಿಕೊಂಡು ನಾನು. ನಮ್ಮ ಯಜಮಾನರು ಕೋಲಾರಕ್ಕೆ ಡ್ಯೂಟಿಗೆ ಹೋಗಿದ್ದರು. ಎರಡು ಸಾವಿರದ ಇಸವಿ ದಾಟಿ ನಾಲ್ಕೋ ಐದೋ ವರ್ಷವಾಗಿರಬೇಕು. ಶನಿವಾರ ಅನ್ನುವುದು ಮಾತ್ರ ಚೆನ್ನಾಗಿ ನೆನಪಿದೆ, ಯಾಕೆಂದರೆ ಭಾನುವಾರ ಬೆಳಿಗ್ಗೆ ಶ್ರೀನಿವಾಸಪುರಕ್ಕೆ ಹೊರಡಬೇಕಿತ್ತು.

ಅಲ್ಲಿ ಅತ್ತೆಯ ತಂಗಿಗೆ ಲಕ್ವ ಹೊಡೆದು ಒಂದೂವರೆ ತಿಂಗಳಾಗಿತ್ತು. ಮಾತು ನಿಂತುಹೋಗಿತ್ತು. ಮೊದಲ ತಿಂಗಳೆಲ್ಲ ಅತ್ತೆಯೂ ಮಂಡಿನೋವಿನಲ್ಲಿ ಮಲಗಿದ್ದರು, ಇನ್ನೂ ಹೋಗಿ ನೋಡಿರಲಿಲ್ಲ. ಅವರ ಬಲಮಂಡಿ ಮಡಚುತ್ತಿರಲಿಲ್ಲ, ಬಸ್ಸು ಹತ್ತಲಾರರು. ಕಾರಿನಲ್ಲಾದರೂ ಹಿಂದಿನ ಎಡಬಾಗಿಲಿನಿಂದ ಹತ್ತಿ, ಅದೇ ಬಾಗಿಲಿಗೆ ಬೆನ್ನು ಆನಿಸಿ, ಸೀಟಿನುದ್ದಕ್ಕೂ ಕಾಲು ಚಾಚಿ ಕೂರಬೇಕು. ಕೆಟ್ಟಿದ್ದೂ ಆ ಬಾಗಿಲೇ. ಹಿಂದಿನ ವಾರ ಮಂಡಿ ತೋರಿಸಿಕೊಂಡು ಆಸ್ಪತ್ರೆಯಿಂದ ಬಂದಾಗ ಲಾಕು ಸಿಕ್ಕಿಕೊಂಡು ಅತ್ತೆ ಒಳಗೇ ಉಳಿದುಬಿಟ್ಟರು. ಬಲಗಡೆಯಿಂದ ನಾನೂ ಯಜಮಾನರೂ ಮೂಟೆ ಎಳೆದಂತೆ ಎಳೆದು ಇಳಿಸಿದೆವು. ಬೀದಿಯವರೆಲ್ಲ ನಿಂತು ನೋಡಿದರು.

"ಆ ಬಾಗ್ಲು ಸರಿಯಾಗೋವರ್ಗೂ ಈ ಕಾರಲ್ಲಿ ನಾನು ಕಾಲಿಡಲ್ಲ" ಎಂದು ಅತ್ತೆ ಹೇಳಿಬಿಟ್ಟಿದ್ದರು. ಹೇಳಿದ ಮೇಲೆ ತಂಗಿಯ ಮಾತು ಬಂದಾಗೆಲ್ಲ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು.

ಮಾವ ನಂಗಲಿಯ ಹೆದ್ದಾರಿಯಲ್ಲಿ ಬಹಳ ವರ್ಷ ಲಾರಿಗಳ ವೈರಿಂಗ್ ಕೆಲಸ ಮಾಡಿದವರು. ನಾನು ಕಂಡ ಹೊತ್ತಿಗೆ ಅವರ ಕೈ ನಡುಗುತ್ತಿತ್ತು. ಕಾಫಿ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಿದ್ದರು. ಕಿವಿ ಮಾತ್ರ ಚುರುಕು. ಬಾಗಿಲಿಗೆ ಕಿವಿ ಹಚ್ಚಿ, "ತಾಳಂ ಚೆವಿ ಒತ್ತಮ್ಮಾ" ಅಂದರು. ಕೀಲಿಯ ಮೇಲಿನ ಗುಂಡಿ ಒತ್ತಿದೆ. ಒಳಗೆ ಏನೋ ಗರ್ರೆಂದಿತು.

"ಮೋಟರು ತಿರುಗ್ತೈತೆ. ಹಲ್ಲು ಮುರ್ಕೊಂಡೈತೆ, ನನ್ನಂಗೇ" ಅಂದರು.

ಮಾವನ ಮನೆಮಾತು ತೆಲುಗು, ನಾನು ಮಾಲೂರಿನ ಕನ್ನಡದವಳು. ನಮ್ಮಜ್ಜಿ ಬಾಯಲ್ಲಿ ಅದು ಬೀಗದ ಕೈ. ಈ ಮನೆಗೆ ಬಂದ ಹೊಸದರಲ್ಲಿ ತಾಳಂ ಚೆವಿ ಕೇಳಿ, ಬೀಗಕ್ಕೆ ಎಲ್ಲಿಯ ಕಿವಿ ಎಂದು ನಕ್ಕಿದ್ದೆ. "ನೀವು ಕನ್ನಡದೋರು ಕೈ ಕೊಟ್ರಿ, ನಾವು ಕಿವಿ ಕೊಟ್ವಿ. ನೀವು ಕೈ ಕೊಡೋ ಜನ ಅಂತ ಮೊದ್ಲೇ ಗೊತ್ತಿತ್ತು" ಎಂದು ಮಾವ ಆಗ ರೇಗಿಸಿದ್ದರು.

ಹೊಸ ಸಾಮಾನನ್ನು ಯಜಮಾನರು ಕೋಲಾರದಿಂದ ತಂದಿಟ್ಟಿದ್ದರು. ಬೆಂಕಿಪೆಟ್ಟಿಗೆಗಿಂತ ಕೊಂಚ ಉದ್ದದ ಕಪ್ಪು ಡಬ್ಬಿ. ಅಂಗಡಿಯವನು ಅದನ್ನು ಆಕ್ಚುಯೇಟರ್ ಅಂದನಂತೆ.

"ಯಾವ ಆಕ್ಟರಂತೆ?" ಜಗಲಿಯಿಂದ ಅತ್ತೆ ಕೇಳಿದರು.

"ಹೀರೋ ಅಲ್ಲ ಕಣೇ, ಬಾಗ್ಲು ತೆಗಿಯೋ ಪಾರ್ಟು" ಅಂದರು ಮಾವ.

ಮೆಕ್ಯಾನಿಕ್ ಸೋಮವಾರ ಸಿಗುತ್ತಾನೆ ಎಂದಿದ್ದರು ಯಜಮಾನರು. ಅಲ್ಲಿಯವರೆಗೆ ಕಾಯಲು ಮಾವನಿಗೆ ಮನಸ್ಸಿರಲಿಲ್ಲ. "ನಾನು ಹೇಳ್ತೀನಿ, ನೀನು ಮಾಡು" ಅಂದರು. ಗಾಜು ಇಳಿಸುವ ಹಿಡಿಯ ಹಿಂದೆ ಹಳೆ ಪಂಚೆಯ ಚೂರು ತೂರಿಸಿ ಆ ಕಡೆ ಈ ಕಡೆ ಎಳೆಯಲು ಹೇಳಿದರು. ಎಳೆದೆ. ಒಳಗಿನ ಕ್ಲಿಪ್ಪು ಹಾರಿ ನನ್ನ ಮಡಿಲಿಗೆ ಬಿತ್ತು. ಕೈಯಾನಿಸುವ ಹಿಡಿಯ ಸ್ಕ್ರೂ ಬಿಚ್ಚಿ, ಬಾಗಿಲ ಪ್ಯಾಡನ್ನು ಕೆಳಗಿನಿಂದ ಎಳೆದರೆ ಪಟಪಟನೆ ಬಿಟ್ಟುಕೊಂಡಿತು. ಪ್ಲಾಸ್ಟಿಕ್ ಹಾಳೆ ಸುಲಿದರೆ ಕೈ ತೂರುವಷ್ಟು ತೂತು. ಬಳೆ ತೆಗೆದಿಟ್ಟು ಕೈ ಹಾಕಿದೆ. ಕಣ್ಣಿಗೆ ಕಾಣದ ಎರಡು ಸ್ಕ್ರೂಗಳನ್ನು ಬೆರಳಲ್ಲೇ ಹುಡುಕಿ ಬಿಚ್ಚಿ, ಕಂಬಿಯೊಂದನ್ನು ಕೊಕ್ಕೆಯಿಂದ ತಪ್ಪಿಸಿದೆ. ಲಾಕಿನ ಗುಬುಟು ಮೇಲೆದ್ದಿತು. ವಾರದಿಂದ ಹಟ ಹಿಡಿದಿದ್ದ ಬಾಗಿಲು ಬಾಯಿ ಬಿಟ್ಟಿತು. ಅತ್ತೆ ಜಗಲಿಯಿಂದಲೇ ಕತ್ತು ಚಾಚಿ ನೋಡಿದರು.

ಹೊಸ ಮೋಟರಿನ ಪ್ಲಗ್ಗು ಹಳೆಯದಕ್ಕೆ ಕೂರಲಿಲ್ಲ. ಕತ್ತರಿಸಿ ಹೊಸೆಯಬೇಕು. ಕಾರಿನ ಕಡೆಯಿಂದ ಬಂದ ವೈರು ಎರಡು, ಒಂದು ಹಸಿರು, ಇನ್ನೊಂದು ಹಳದಿ. ಮೋಟರಿನವು ನೀಲಿ ಮತ್ತು ಕಪ್ಪು. ಮಾವ ನನ್ನ ಕೈಲಿ ಟೆಸ್ಟ್ ಲೈಟು ಹಿಡಿಸಿ, ಗುಂಡಿ ಒತ್ತಿಸಿ, ಒಳಗೊಳಗೇ ಲೆಕ್ಕ ಹಾಕಿ ಹೇಳಿದರು: "ಪಚ್ಚ ವೈರನ್ನ ನೀಲಿಗೆ ಸೇರ್ಸಮ್ಮಾ."

ಸೇರಿಸಿದೆ. ಟೇಪು ಸುತ್ತಿದೆ. ಮೋಟರು ಕೂರಿಸಿ, ಕಂಬಿ ಸಿಕ್ಕಿಸಿ, ಗುಂಡಿ ಒತ್ತಿದೆ. ಮೂರು ಬಾಗಿಲ ಗುಬುಟು ಮೇಲೆದ್ದವು, ನಾಲ್ಕನೆಯದು ಕೆಳಗಿಳಿಯಿತು. ಮತ್ತೆ ಒತ್ತಿದೆ. ಮೂರೂ ಕೆಳಗೆ, ಅದೊಂದು ಮೇಲೆ.

"ಏನ್ರೀ, ಎಲ್ಲಾ ಬೀಗ ಹಾಕ್ಕೊಂಡ್ರೆ ನನ್ ಬಾಗ್ಲೊಂದೇ ತೆಕ್ಕೊಳುತ್ತಾ? ದಾರೀಲಿ ಉದುರ್ಸಿ ಹೋಗೋ ಪ್ಲಾನಾ?" ಎಂದರು ಅತ್ತೆ.

ಮಾವ ಬಗ್ಗಿ ನೋಡಿದರು. "ಪಚ್ಚ ಅಂದ್ನಲ್ಲಮ್ಮಾ!"

"ಪಚ್ಚೇನೇ ಸೇರ್ಸಿದ್ದೀನಿ ಮಾವ, ನೋಡಿ, ಹಸಿರು."

"ಹಸಿರಲ್ಲಮ್ಮಾ, ಪಚ್ಚ! ಕಾಮಾಲೆಗೆ ನಾವು ಏನಂತೀವಿ? ಪಚ್ಚ ಕಾಮೆರ್ಲು. ಕಾಮಾಲೆ ಬಂದೋರು ಹಸಿರಾಗ್ತಾರಾ, ಹಳದಿಯಾಗ್ತಾರಾ?"

"ಮತ್ತೆ ಎಲೆಗೆ ಏನಂತೀರ?"

ಮಾವ ತಲೆಯೆತ್ತಿ ಹೊಂಗೆ ಮರ ನೋಡಿ, "ಅದೂ ಪಚ್ಚನೇ" ಅಂದರು.

ಅತ್ತೆ ನಕ್ಕರು. ತಂಗಿಯ ಸುದ್ದಿ ಬಂದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಎರಡಕ್ಕೂ ಒಂದೇ ಮಾತಿಟ್ಕೊಂಡು ಅಷ್ಟು ವರ್ಷ ಹೆಂಗೆ ಮಾವ ವೈರಿಂಗ್ ಮಾಡಿದ್ರಿ?"

"ಕೈ ಮಾಡ್ತಿತ್ತಮ್ಮಾ. ಬಾಯಲ್ಲಿ ಯಾರ್ಗೂ ಹೇಳೋ ಕೆಲ್ಸಾನೇ ಬೀಳ್ಲಿಲ್ಲ" ಎಂದು ಮಾವ ತಮ್ಮ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡರು.

ನಾನು ಟೇಪು ಬಿಚ್ಚಿ ವೈರು ಅದಲು ಬದಲು ಮಾಡಿದೆ. ಗುಂಡಿ ಒತ್ತಿದರೆ ಮೂರು ಬಾಗಿಲು ಒಟ್ಟಿಗೆ ಟಕ್ ಅಂದವು. ಕಣ್ಣು ಮಿಟುಕಿಸುವಷ್ಟು ತಡವಾಗಿ ನಾಲ್ಕನೆಯದೂ ಟಕ್ ಅಂದಿತು. ಹೊಸ ಮೋಟರು ಬೇರೆ ಕಂಪನಿಯದು, ಆ ತಡ ಕೊನೆಯವರೆಗೂ ಹೋಗಲಿಲ್ಲ.

ಆ ಕಾರು ಈಗಿಲ್ಲ. ಅತ್ತೆ ಮಾವನೂ ಇಲ್ಲ. ಈಗಿನ ಕಾರಿನ ಬಾಗಿಲುಗಳು ನಾಲ್ಕೂ ಒಂದೇ ಸಲ ಲಾಕಾಗುತ್ತವೆ, ಆದರೂ ನಾನು ಕೀಲಿ ಹಿಡಿದು ಒಂದು ಗಳಿಗೆ ನಿಂತಿರುತ್ತೇನೆ, ಇನ್ನೊಂದು ಟಕ್ ಬಾಕಿ ಇದೆ ಅನ್ನುವ ಹಾಗೆ. ಆಮೇಲೆ ತೆಲುಗು ಸುಮಾರಾಗಿ ಕಲಿತೆ. ಅರಿಸಿನದ್ದು ಯಾವ ಪಚ್ಚ, ಎಲೆಯದು ಯಾವ ಪಚ್ಚ ಎಂದು ಈಗ ಬಿಡಿಸಿ ಹೇಳಬಲ್ಲೆ. ಯಜಮಾನರು ನನ್ನ ಜೊತೆ ಕನ್ನಡವೇ ಆಡುತ್ತಾರೆ, ನಮ್ಮ ಮನೆಯಲ್ಲಿ ಆ ಮಾತು ಆಡುವವರು ಬೇರೆ ಯಾರೂ ಉಳಿದಿಲ್ಲ.

ಆ ಭಾನುವಾರ ಬೆಳಿಗ್ಗೆ ಅತ್ತೆ ಎಡಬಾಗಿಲಿನಿಂದ ಹತ್ತಿ ಕಾಲು ಚಾಚಿ ಕೂತರು. ಶ್ರೀನಿವಾಸಪುರ ಮುಟ್ಟುವವರೆಗೂ ಆ ಗುಬುಟಿನ ಮೇಲೊಂದು ಬೆರಳಿಟ್ಟುಕೊಂಡೇ ಇದ್ದರು. ತಂಗಿಯನ್ನು ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ಬಾಗಿಲು ಟಕ್ ಅಂದಿತು, ಅತ್ತೆ ಯಾರ ಕೈಯನ್ನೂ ಹಿಡಿಯದೆ ಇಳಿದರು. ಹತ್ತಿರ ಹೋಗಿ ತಂಗಿಯ ತಲೆ ಮುಟ್ಟಿ ನೋಡಿ, "ಎಣ್ಣೆ ಕಾಣ್ದೆ ಎಷ್ಟು ದಿನ ಆಯ್ತೇ?" ಎಂದು ಗದರಿದರು. ಆಮೇಲೆ ಬಾಚಣಿಗೆ ತರಿಸಿ, ಅವಳ ಹಿಂದೆ ನಿಂತು ಜಡೆ ಬಿಚ್ಚತೊಡಗಿದರು.